ಮುಪ್ಪಿನ ಕಣ್ಣು, ಮುಪ್ಪಿನ ಕೈ

ಪುಸ್ತಕದಂಗಡಿಗಳಲ್ಲಿ ಈಚೆಗೆ ಒಂದು ಹೊಸ ಕಪಾಟು ತುಂಬತೊಡಗಿದೆ. ಅರವತ್ತರ ಮೇಲೆ ಬಾಳುವುದು ಹೇಗೆ, ಬಿಡುವಿನಲ್ಲಿ ಗುರಿಯನ್ನು ಕಂಡುಕೊಳ್ಳುವುದು ಹೇಗೆ, ‘ಎರಡನೆಯ ಇನ್ನಿಂಗ್ಸ್’ ಆಡುವುದು ಹೇಗೆ ಎಂದು ಬರಿಯ ‘ಹೇಗೆ’ಗಳನ್ನೇ ತಲೆಯ ಮೇಲೆ ಹೊತ್ತು ನಿಂತ ಪುಸ್ತಕಗಳು. ಕೆಲವು ಇಂಗ್ಲಿಷಿನವು, ಕೆಲವು ಇಂಗ್ಲಿಷಿನಿಂದ ಅವಸರವಾಗಿ ಕನ್ನಡಕ್ಕೆ ಇಳಿದು ಬಂದವು. ಇವನ್ನು ಕೊಳ್ಳುವವರು ಯಾರೆಂಬುದು ನನಗೆ ಗೊತ್ತು, ನಾನೂ ಅವರಲ್ಲೊಬ್ಬ. ಮೂರು ನಾಲ್ಕನ್ನು ಓದಿ ಮುಗಿಸಿದೆ. ಸಿಟ್ಟು ಬರಲಿಲ್ಲ. ಬೆಳಗಿನ ತಿರುಗಾಟ ಒಳ್ಳೆಯದೆಂದೂ, ಸೊಸೆಯ ಅಡಿಗೆಯಲ್ಲಿ ತಪ್ಪು ಹುಡುಕಬಾರದೆಂದೂ ಹೇಳುವ ಪುಸ್ತಕದ ಮೇಲೆ ಯಾರು ಸಿಟ್ಟಾದಾರು? ಆದರೆ ಒಂದು ಅನುಮಾನ ಮಾತ್ರ ಉಳಿಯಿತು. ಗುರಿಯೆಂಬುದು ಕಳೆದುಹೋದ ಕನ್ನಡಕದಂತೆ ಮನೆಯಲ್ಲೇ ಎಲ್ಲೋ ಇದೆ, ಹುಡುಕಿದರೆ ಸಿಕ್ಕೀತು ಎಂಬ ನಂಬಿಕೆ ಈ ಪುಸ್ತಕಗಳದು. ಮುಪ್ಪನ್ನು ನಿಜವಾಗಿ ದಿಟ್ಟಿಸಿ ನೋಡಿದ ನಮ್ಮ ಬರಹಗಾರರು ಹಾಗೆ ನಂಬಿದ್ದರೇ?

ನನ್ನ ಮೇಜಿನ ಮೇಲೆ ಕಿನ್ನಾಳದ ಒಂದು ಗರುಡನ ಗೊಂಬೆ ಇದೆ. ಅದರ ಅಗಲವಾದ ಕಣ್ಣುಗಳು ಈ ಅನುಮಾನದ ಎದುರಿಗೇ ತೆರೆದುಕೊಂಡಿವೆ. ಈ ಲೇಖನಕ್ಕೆ ಪ್ರೇರಣೆ ಅದೇ ಎಂದರೂ ತಪ್ಪಾಗದು.

ಮೊದಲು ಒಂದು ಶಬ್ದದ ವಿಷಯ. ‘ನಿವೃತ್ತಿ’ ಎಂಬುದು ನಮ್ಮ ಹಿರಿಯರು ತುಂಬ ಬೆಲೆ ಕೊಟ್ಟು ಬಳಸಿದ ಮಾತು. ಪ್ರವೃತ್ತಿ ಲೋಕದತ್ತ ನಡೆಯುವ ದಾರಿ. ನಿವೃತ್ತಿ ತಿಳಿದು, ತೂಗಿ, ತಾನಾಗಿ ಹಿಂದೆ ಸರಿಯುವ ದಾರಿ. ಸರಕಾರಿ ಕಚೇರಿ ಆ ಮಾತನ್ನು ಎತ್ತಿಕೊಂಡು ಜನ್ಮದಿನಾಂಕಕ್ಕೆ ಕಟ್ಟಿತು. ಒಮ್ಮೆ 55, ಆಮೇಲೆ 58, ಈಗ 60: ತಿಂಗಳ ಕೊನೆಯ ದಿನ ಸಂಜೆಗೆ ನಿವೃತ್ತಿ ತಾನಾಗಿ ಪ್ರಾಪ್ತವಾಗುತ್ತದೆ. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಎರಡು ಭಾಷಣ. ಮನಸ್ಸು ಇನ್ನೂ ಪ್ರವೃತ್ತಿಯ ನಡುಬೀದಿಯಲ್ಲೇ ನಿಂತಿರುವವನ ಕೈಗೆ ನಿವೃತ್ತಿಯ ಆದೇಶ ಬರುತ್ತದೆ. ಮಾರನೆಯ ದಿನ ಅವನಿಗೆ ಹತ್ತಿಕೊಳ್ಳುವ ದಿಗಿಲಿನಲ್ಲಿ ಅರ್ಧ ಪಾಲು ಈ ಶಬ್ದದ ದುರುಪಯೋಗದಿಂದ ಬಂದದ್ದೆಂದು ನನ್ನ ಎಣಿಕೆ.

ಕಿನ್ನಾಳಕ್ಕೆ ಹೋಗುವವರು ಕೊಪ್ಪಳದಲ್ಲಿ ಇಳಿಯುತ್ತಾರೆ. ಅಲ್ಲಿಂದ ಊರು ಕೆಲವೇ ಮೈಲಿ. ಅವಸರವಿಲ್ಲದಿದ್ದರೆ ಕೊಪ್ಪಳದ ಗವಿಮಠದ ಗುಡ್ಡವನ್ನೂ ಪಾಲ್ಕಿಗುಂಡನ್ನೂ ಹತ್ತಿ ಬರಬೇಕು. ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡಿನ ಎಲ್ಲೆ ಹೇಳುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಒಂದಾದ ಕೊಪಣ ಇದೇ. ಜೈನರಿಗೆ ಮಹಾತೀರ್ಥ. ಬಾಳಿನ ಕೊನೆಯಲ್ಲಿ ಆಹಾರವನ್ನು ತೊರೆದು, ಎಚ್ಚರದಿಂದ ದೇಹವನ್ನು ಬಿಡುವ ಸಲ್ಲೇಖನಕ್ಕೆ ಹೆಸರಾದ ಸ್ಥಳ. ‘ವರಾಂಗಚರಿತ’ವನ್ನು ಬರೆದ ಜಟಾಸಿಂಹನಂದಿಯ ಪಾದಗಳನ್ನು ಚಾವಯ್ಯನೆಂಬವನು ಇಲ್ಲಿಯ ಬಂಡೆಯ ಮೇಲೆ ಕೆತ್ತಿಸಿದ್ದಾನೆ. ಮುಪ್ಪೆಂದರೆ ಕ್ರಮವಾಗಿ ಕಡಿಮೆ ಮಾಡಿಕೊಳ್ಳುವುದು, ಹಿಡಿದದ್ದನ್ನು ಒಂದೊಂದಾಗಿ ಬಿಡುವುದು ಎಂಬ ಭಾವನೆಗೆ ಇದಕ್ಕಿಂತ ಗಂಭೀರವಾದ ನೆಲೆ ಕನ್ನಡನಾಡಿನಲ್ಲಿ ಹೆಚ್ಚಿಲ್ಲ.

ಸೋಜಿಗವೆಂದರೆ ಅದೇ ಗುಡ್ಡಗಳ ಮೇಲೆ, ಅದಕ್ಕಿಂತ ಸಾವಿರ ವರ್ಷ ಹಿಂದಿನ ಇನ್ನೊಂದು ಮಾತು ಕೊರೆದಿದೆ. 1931ರಲ್ಲಿ ಬೆಳಕಿಗೆ ಬಂದ ಅಶೋಕನ ಕಿರುಶಾಸನ. ಅದರಲ್ಲಿ ಚಕ್ರವರ್ತಿ ತನ್ನ ಲೆಕ್ಕವನ್ನು ತಾನೇ ಒಪ್ಪಿಸುತ್ತಾನೆ: ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಆದರೆ ಮೊದಲು ಅಷ್ಟಾಗಿ ಶ್ರಮಿಸಲಿಲ್ಲ, ಸಂಘದ ಹತ್ತಿರಕ್ಕೆ ಬಂದ ಮೇಲೆ, ಒಂದು ವರ್ಷಕ್ಕಿಂತ ಹೆಚ್ಚಾಗಿ, ಶ್ರಮಿಸುತ್ತಿದ್ದೇನೆ ಎಂದು. ಆ ಫಲ ದೊಡ್ಡವರಿಗಷ್ಟೇ ದಕ್ಕುವುದಲ್ಲ, ದುಡಿದರೆ ಸಣ್ಣವನಿಗೂ ಸಿಗುತ್ತದೆ ಎಂಬುದು ಅದರ ತಾತ್ಪರ್ಯ. ರಾಜ್ಯ ಗೆದ್ದು, ಕಳಿಂಗದ ರಕ್ತ ಕಂಡು, ನಡುವಯಸ್ಸಿನಲ್ಲಿ ಹೊಸದಾಗಿ ವಿದ್ಯಾರ್ಥಿಯಾದವನ ಮಾತು ಇದು. ಬಿಡು ಎನ್ನುವ ಬಂಡೆಯೂ ದುಡಿ ಎನ್ನುವ ಬಂಡೆಯೂ ಒಂದೇ ಊರಿನಲ್ಲಿವೆ. ಮುಪ್ಪನ್ನು ಕುರಿತ ನಮ್ಮ ಸಾಹಿತ್ಯವೆಲ್ಲ ಈ ಎರಡು ಬಂಡೆಗಳ ನಡುವೆ ಓಡಾಡಿದೆ ಎಂದರೆ ಅತಿಶಯವಾಗಬಹುದು, ಆದರೂ ಹೇಳಿಬಿಡುತ್ತೇನೆ.

ಹೊಸ ಸಾಹಿತ್ಯದಲ್ಲಿ ಮುಪ್ಪಿಗೆ ಮುಖ ಕೊಟ್ಟ ಕೃತಿ ಯಾವುದೆಂದು ಕೇಳಿದರೆ ಉತ್ತರಕ್ಕೆ ತಡಕಾಡಬೇಕಾಗಿಲ್ಲ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ 1968ರಲ್ಲಿ ಬಂತು; 1977ರ ಜ್ಞಾನಪೀಠ ಪ್ರಶಸ್ತಿಗೆ ಕಾರಣವಾದದ್ದೂ ಅದೇ. 1902ರಲ್ಲಿ ಹುಟ್ಟಿದ ಕಾರಂತರಿಗೆ ಅದನ್ನು ಬರೆಯುವ ಹೊತ್ತಿಗೆ ಅರವತ್ತೈದು ದಾಟಿತ್ತು. ಮೂಡೂರಿನ ಮೂಕಾಂಬಿಕೆ ಬಾಲವಿಧವೆ, ಎಂಬತ್ತರ ಅಜ್ಜಿ. ಮೊಮ್ಮಗ ಸುಬ್ಬರಾಯ ಓದಿದವನು, ಪ್ರಶ್ನೆಗಳಿಂದ ಬಾಧಿತನಾದವನು. ಅಜ್ಜಿ ವಸ್ತುವೊಂದನ್ನು ಮುಟ್ಟಿದರೆ ಅದರ ಹಿಂದಿನ ಕಾಲ ಅವಳಿಗೆ ಕಾಣುತ್ತದೆ. ದೇವರುಗಳು ಹೇಗೆ ಹುಟ್ಟಿದರು, ಹೇಗೆ ವೇಷ ಬದಲಿಸಿದರು, ಗಂಡು ಹೆಣ್ಣಿನ ಸಂಬಂಧವನ್ನು ಮನುಷ್ಯ ಯಾಕೆ ಹೊಲಸೆಂದು ತಿಳಿದ, ಸನ್ಯಾಸವೆಂಬುದು ಎಷ್ಟರ ಮಟ್ಟಿಗೆ ಹೇಡಿತನ ಎಂಬುದನ್ನೆಲ್ಲ ಅವಳು ಅಳುಕಿಲ್ಲದೆ ಆಡುತ್ತಾಳೆ.

ಇದನ್ನು ಅನೇಕರು ‘ಅನುಭವದ ವಿವೇಕ’ ಎಂದು ಹೊಗಳಿದ್ದಾರೆ. ವಯಸ್ಸಾದ ಹಾಗೆ ತಿಳಿವಳಿಕೆ ಹಣ್ಣಾಗುತ್ತದೆ, ಅಜ್ಜಿ ಅದರ ಪ್ರತೀಕ ಎಂಬುದು ರೂಢಿಯಾದ ಓದು. ಅದು ನನಗೆ ಒಪ್ಪಿಗೆಯಾಗಿಲ್ಲ. ಅನುಭವವೆಂದರೆ ಯಾವ ಅನುಭವ? ದಾಂಪತ್ಯವನ್ನು ಅಜ್ಜಿ ಕಂಡವಳಲ್ಲ, ಊರು ಬಿಟ್ಟು ದೂರ ಹೋದವಳಲ್ಲ, ಹೆತ್ತವಳೂ ಅಲ್ಲ. ಲೋಕವು ಬಾಳು ಎಂದು ಕರೆಯುವ ಎಲ್ಲವನ್ನೂ ಹತ್ತು ವರ್ಷದ ಸುಮಾರಿನಲ್ಲೇ ಅವಳ ಕೈಯಿಂದ ಕಸಿದುಕೊಳ್ಳಲಾಗಿತ್ತು. ಕಾರಂತರ ಧೈರ್ಯವಿರುವುದು ಇಲ್ಲಿಯೇ. ಪೂರ್ಣ ಜೀವನ ನಡೆಸಿ, ಮಕ್ಕಳನ್ನು ದಡ ಹತ್ತಿಸಿ, ಅಧಿಕಾರ ಅನುಭವಿಸಿ, ಕೊನೆಗೆ ಜ್ಞಾನಿಯಾದವನನ್ನು ಅವರು ಚಿತ್ರಿಸಲಿಲ್ಲ. ಏನನ್ನೂ ಪಡೆಯದವಳಿಗೆ ಎಲ್ಲವೂ ಕಾಣುವಂತೆ ಮಾಡಿದರು. ಊರು ಕೆಟ್ಟವಳೆಂದು ತೀರ್ಮಾನಿಸಿದ ನಾಗಿಯನ್ನು ಅಜ್ಜಿ ಬೇರೆ ಕಣ್ಣಿನಿಂದ ನೋಡಬಲ್ಲಳಾದರೆ, ಅದು ವಯಸ್ಸಿನ ಮಾಗುವಿಕೆಯಿಂದಲ್ಲ. ಊರಿನ ತಕ್ಕಡಿಯಲ್ಲಿ ತಾನೂ ಒಮ್ಮೆ ತೂಗಿಸಿಕೊಂಡು ಬೆಲೆ ಕಳೆದುಕೊಂಡವಳು ಎಂಬ ಕಾರಣದಿಂದ. ಮುಪ್ಪು ಅವಳಿಗೆ ಕೊಟ್ಟದ್ದು ವಿವೇಕವನ್ನಲ್ಲ, ಆಡುವ ಸ್ವಾತಂತ್ರ್ಯವನ್ನು. ಹದಿನೆಂಟರ ವಿಧವೆ ಆಡಿದ್ದರೆ ಬಾಯಿ ಮುಚ್ಚಿಸುತ್ತಿದ್ದ ಮಾತನ್ನು ಎಂಬತ್ತರ ಅಜ್ಜಿ ಆಡಿದರೆ ಅರಳುಮರಳೆಂದು ನಕ್ಕು ಸುಮ್ಮನಾಗುತ್ತಾರೆ. ಆ ಅಸಡ್ಡೆಯ ಮರೆಯಲ್ಲಿ ಅವಳು ಸತ್ಯವನ್ನು ಆಡಿ ಮುಗಿಸುತ್ತಾಳೆ.

(2019ರಲ್ಲಿ ಪಿ. ಶೇಷಾದ್ರಿಯವರು ಇದನ್ನು ಚಲನಚಿತ್ರ ಮಾಡಿದರು. ಮಾತೇ ಪ್ರಧಾನವಾದ ಕೃತಿಯನ್ನು ಚಿತ್ರವಾಗಿಸುವುದು ಸುಲಭದ ಕೆಲಸವಲ್ಲ. ಆದರೆ ಅಜ್ಜಿಯಾಗಿ ಬಿ. ಜಯಶ್ರೀಯವರನ್ನು ಆರಿಸಿದ್ದು ಸರಿಯಾದ ಓದಿನ ಫಲ: ಆ ಮುಖದಲ್ಲಿ ಪೂಜ್ಯಭಾವಕ್ಕಿಂತ ತುಂಟತನ ಹೆಚ್ಚು.)

ಇಷ್ಟು ಮೆಚ್ಚಿದ ಮೇಲೂ ನನ್ನದೊಂದು ಆಕ್ಷೇಪ ಬಹಳ ಕಾಲ ಉಳಿದಿತ್ತು. ಕಾರಂತರು ಅಜ್ಜಿಗೆ ಕಣ್ಣು ಕೊಟ್ಟರು, ಕೈ ಕೊಡಲಿಲ್ಲ ಎಂದು. ಅವಳು ಕೂತಲ್ಲೇ ಕೂತು ನೋಡುತ್ತಾಳೆ, ಆಡುತ್ತಾಳೆ, ಮಾಡುವುದೇನೂ ಇಲ್ಲ. ಇದೇ ಲೇಖಕರ ‘ಮರಳಿ ಮಣ್ಣಿಗೆ’ (1941) ಓದಿದವರಿಗೆ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿ ರಾಮ ಐತಾಳನ ಮನೆಯ ಪಾರೋತಿ, ಸರಸೋತಿಯರು ತತ್ತ್ವ ಆಡುವವರಲ್ಲ. ಗದ್ದೆ, ಹಟ್ಟಿ, ಒಲೆ, ಮಳೆಗಾಲದ ಸೌದೆ ಇವುಗಳ ನಡುವೆ ಪ್ರಾಯ ಮುಗಿದದ್ದೂ ಮುಪ್ಪು ಬಂದದ್ದೂ ಅವರಿಗೆ ತಿಳಿಯುವುದಿಲ್ಲ. ಮಕ್ಕಳಿಲ್ಲದ ಪಾರೋತಿಗೆ, ವಿಧವೆಯಾಗಿ ಅಣ್ಣನ ಮನೆ ಸೇರಿದ ಸರಸೋತಿಗೆ ‘ಬಾಳಿನ ಗುರಿ ಏನು’ ಎಂದು ಕೇಳಿದ್ದರೆ ಏನೆನ್ನುತ್ತಿದ್ದರೋ! ಅವರ ಗುರಿಯೆಲ್ಲ ಬೆರಳುಗಳಲ್ಲಿತ್ತು. ಮೂವತ್ತೊಂಬತ್ತರ ಕಾರಂತರು ದುಡಿಯುವ ಕೈಗಳನ್ನು ಬರೆದರು, ಅರವತ್ತಾರರ ಕಾರಂತರು ನೋಡುವ ಕಣ್ಣನ್ನು ಬರೆದರು. ಲೇಖಕನಿಗೂ ವಯಸ್ಸಾಗುತ್ತದೆ ಎಂದು ಇದನ್ನು ತಳ್ಳಿಹಾಕಬಹುದಿತ್ತು. ಆದರೆ ಕಾರಂತರ ಜೀವನವೇ ಅದಕ್ಕೆ ಅಡ್ಡ ಬರುತ್ತದೆ. ಮೂಕಜ್ಜಿಯನ್ನು ಕೂರಿಸಿ ಬರೆದ ಮನುಷ್ಯ ತಾನು ಕೂರಲಿಲ್ಲ. ಯಕ್ಷಗಾನದ ಪ್ರಯೋಗಗಳನ್ನು ಕಟ್ಟಿಕೊಂಡು ಊರೂರು, ದೇಶ ದೇಶ ತಿರುಗಿದ್ದು ಆ ವಯಸ್ಸಿನಲ್ಲೇ. ಕೈಗಾ ಅಣುಸ್ಥಾವರದ ವಿರೋಧವಾಗಿ 1989ರ ಲೋಕಸಭಾ ಚುನಾವಣೆಗೆ ನಿಂತಾಗ ಅವರಿಗೆ ಎಂಬತ್ತೇಳು. ಸೋತರು. ಸೋಲುವೆನೆಂಬುದು ಅವರಿಗೆ ತಿಳಿಯದಿರಲಿಲ್ಲವೆಂದೇ ನನ್ನ ಭಾವನೆ.

ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ದ ಮಾತನ್ನು ಇಲ್ಲಿ ಬಿಡುವಂತಿಲ್ಲ. ಬೀಳ್ಕೊಡುಗೆಯ ಸಭೆಗಳಲ್ಲಿ ಶಾಲಿನ ಜೊತೆಗೆ ಇದನ್ನು ಕೊಡುವ ಪದ್ಧತಿ ಬೇರೂರಿದೆ. ಒಳ್ಳೆಯ ಪದ್ಧತಿಯೇ, ಆದರೆ ಅದರಿಂದ ಕಗ್ಗಕ್ಕೆ ಒಂದು ಅನ್ಯಾಯವಾಗಿದೆ. 945 ಪದ್ಯಗಳ ಆ ಕಾವ್ಯ ಸಮಾಧಾನದ ಕಷಾಯವೆಂದು ಹೆಸರಾಗಿಬಿಟ್ಟಿದೆ. 1943ರಲ್ಲಿ ಅದು ಬಂದಾಗ ಡಿ.ವಿ.ಜಿ.ಯವರಿಗೆ ಐವತ್ತಾರು, ಇನ್ನೆರಡು ವರ್ಷಕ್ಕೆ ಅವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಕಗ್ಗದ ಪ್ರಶ್ನೆಗಳು ಕೆಲಸದ ನಡುವೆ ನಿಂತವನ ಪ್ರಶ್ನೆಗಳು. ಆರಾಮಕುರ್ಚಿಯಲ್ಲಿ ಓದಿದರೆ ಅವು ಉತ್ತರಗಳಂತೆ ಕೇಳಿಸುತ್ತವೆ, ಅಷ್ಟೆ.

ಮಾಸ್ತಿಯವರ ಸಂದರ್ಭ ನನಗೆ ಇನ್ನೂ ಹತ್ತಿರದ್ದಾಗಿ ಕಾಣುತ್ತದೆ. ಅದು ನೌಕರಿಯವನ ಕಥೆ. ಮೈಸೂರು ಸಂಸ್ಥಾನದ ಸೇವೆಯಲ್ಲಿ ಮೇಲೆ ಬಂದು, ತಮಗೆ ಸಲ್ಲಬೇಕಾದ ಪದವಿ ತಮಗಿಂತ ಕಿರಿಯರಿಗೆ ಹೋಯಿತೆಂದು ಅವರು 1943ರಲ್ಲಿ ರಾಜೀನಾಮೆ ಕೊಟ್ಟರು. ಐವತ್ತೆರಡು ವಯಸ್ಸು. ಇಂಥ ಕಹಿಯನ್ನು ಮನೆಗೆ ಹೊತ್ತು ತಂದವರು ನಮ್ಮಲ್ಲಿ ಎಷ್ಟು ಜನರಿಲ್ಲ! ಬಹಳ ಮಂದಿ ಅದನ್ನು ಪ್ರತಿ ಸಂಜೆ ಹೊಸಬರಿಗೆ ಹೇಳಿ ಹೇಳಿ ಉಳಿದ ಆಯುಷ್ಯ ಕಳೆಯುತ್ತಾರೆ. ಮಾಸ್ತಿ ‘ಜೀವನ’ ಪತ್ರಿಕೆಯನ್ನು ವಹಿಸಿಕೊಂಡು ಸುಮಾರು ಎರಡು ದಶಕ ನಡೆಸಿದರು. 1949ರಲ್ಲಿ ‘ಚೆನ್ನಬಸವನಾಯಕ’, 1956ರಲ್ಲಿ ‘ಚಿಕವೀರ ರಾಜೇಂದ್ರ’ ಬರೆದರು. ಎರಡೂ ರಾಜ್ಯಗಳು ಕುಸಿದ ಕಥೆಗಳು. ಕೊಡಗಿನ ಕೊನೆಯ ಅರಸ 1834ರಲ್ಲಿ ಪದಚ್ಯುತನಾದದ್ದು ಇತಿಹಾಸ. ಆದರೆ ಬೋಪಣ್ಣ, ಲಕ್ಷ್ಮೀನಾರಾಯಣಯ್ಯರಂಥ ಮಂತ್ರಿಗಳು ನಿಷ್ಠೆ ಯಾರಿಗೆ, ಒಡೆಯನಿಗೋ ನಾಡಿಗೋ ಎಂದು ನುಜ್ಜುಗುಜ್ಜಾಗುವುದನ್ನು ಬರೆಯಬೇಕಾದರೆ ಆಡಳಿತದ ಒಳಮನೆಯಲ್ಲಿ ಮೂರು ದಶಕ ಇದ್ದು ಬಂದವನೇ ಬೇಕು. ಕಚೇರಿಯ ಅನುಭವ ವ್ಯರ್ಥವಾಗಲಿಲ್ಲ. ಹೊಸ ಗುರಿಯೊಂದನ್ನು ಅವರು ಹೊರಗಿನಿಂದ ತಂದುಕೊಳ್ಳಲೂ ಇಲ್ಲ. ಮನಸ್ಸನ್ನು ಕೊರೆದಿರಬಹುದಾದ ವಸ್ತುವನ್ನೇ ಬರವಣಿಗೆಯ ಹದಕ್ಕೆ ತಂದರು. ಈ ಕಾದಂಬರಿಗೆ ಸಂದ ಜ್ಞಾನಪೀಠ 1983ರದು, ಅವರ ತೊಂಬತ್ತೆರಡನೆಯ ವರ್ಷಕ್ಕೆ.

ಈಗ ಕಿನ್ನಾಳ. ಇಲ್ಲಿಯ ಚಿತ್ರಗಾರರ ಮನೆತನಗಳು ತಮ್ಮ ಕಸುಬಿನ ಬೇರನ್ನು ವಿಜಯನಗರದ ಕಾಲದವರೆಗೆ ಎಳೆಯುತ್ತವೆ; ಹಂಪೆಯ ವಿರೂಪಾಕ್ಷ ದೇವಾಲಯದ ಚಿತ್ರಗಳ ಜೊತೆ ತಮ್ಮ ಹಿರಿಯರ ಹೆಸರನ್ನು ಸೇರಿಸಿ ಹೇಳುತ್ತವೆ. ಈಗ ಈ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಗೊಂಬೆ ಒಂದೇ ದಿಮ್ಮಿಯಿಂದ ಹುಟ್ಟುವುದಿಲ್ಲ. ಹಗುರ ಜಾತಿಯ ಮರದಲ್ಲಿ ಅಂಗಾಂಗಗಳನ್ನು ಬೇರೆ ಬೇರೆ ಕೆತ್ತುತ್ತಾರೆ. ಅವನ್ನು ಕೂಡಿಸುವ ಹದ ವಿಚಿತ್ರವಾದದ್ದು: ಹಳೆಯ ಗೋಣಿಯ ಚಿಂದಿಯನ್ನು ನೀರಿನಲ್ಲಿ ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟಿನೊಡನೆ ಹುಣಸೆಬೀಜದ ಅಂಟಿನಲ್ಲಿ ಕಲಸಿದ್ದು. ಆಭರಣಗಳ ಉಬ್ಬುಗೆಲಸಕ್ಕೆ ಕಲ್ಲಿನ ಪುಡಿಯ ಇನ್ನೊಂದು ಹದ. ಆಮೇಲೆ ಬಿಳಿಯ ಲೇಪ, ಆಮೇಲೆ ಬಣ್ಣ. ಮೊದಲ ಕೆಲಸದಿಂದ ಕೊನೆಯ ಕೆಲಸದವರೆಗೆ ಒಂದೊಂದು ಹಂತಕ್ಕೆ ಒಂದೊಂದು ಬಗೆಯ ಕೈ ಬೇಕು. ಬಲ ಕಡಿಮೆಯಾದ ಕೈ ಕೆತ್ತುವುದನ್ನು ಬಿಟ್ಟು ಹದ ಹಿಡಿಯಬಹುದು. ಬಣ್ಣದ ಗೆರೆ ನಡುಗತೊಡಗಿದ ಮೇಲೂ ಗೆರೆ ಎಲ್ಲಿ ನಡುಗಿತೆಂದು ಕಿರಿಯನಿಗೆ ತೋರಿಸಬಹುದು. ಇಂಥ ಕಸುಬಿನಲ್ಲಿ ಮುಪ್ಪಿಗೆ ಒಂದು ಮೂಲೆಯಲ್ಲ, ಒಂದು ಹಂತ ಇರುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಲೇಖನ ಚೆಂದವಾದೀತು, ಸುಳ್ಳೂ ಆದೀತು. ಕುಸುರಿ ಕೆಲಸ ಮಾಡುವವನಿಗೆ ಅರವತ್ತಕ್ಕೆ ಯಾರೂ ಹಾರ ಹಾಕುವುದಿಲ್ಲ. ಪಿಂಚಣಿಯ ಪುಸ್ತಕವನ್ನೂ ಕೊಡುವುದಿಲ್ಲ. ಅವನು ದುಡಿಯುತ್ತಲೇ ಇರುವುದಕ್ಕೆ ಕಲೆಯ ಪ್ರೀತಿ ಎಷ್ಟು ಕಾರಣವೋ ಹೊಟ್ಟೆಯೂ ಅಷ್ಟೇ ಕಾರಣ. ಪಿಂಚಣಿ ಬರುವವನು ಗುರಿಯಿಲ್ಲವೆಂದು ಕೊರಗುತ್ತಾನೆ. ಗುರಿಯಿರುವವನು ಪಿಂಚಣಿಯಿಲ್ಲವೆಂದು ಕೊರಗಿದರೆ ಅದು ಪುಸ್ತಕವಾಗುವುದಿಲ್ಲ. ನಮ್ಮ ಹಳೆಯ ಕಾವ್ಯವೂ ಈ ವಿಷಯದಲ್ಲಿ ಪೂರ್ತಿ ನಿರ್ದೋಷಿಯಲ್ಲ. ಗಂಡ ನಾಗದೇವ ಸತ್ತು, ತಂಗಿ ಗುಂಡಮಬ್ಬೆ ಸಹಗಮನ ಮಾಡಿದ ಮೇಲೆ ಬದುಕನ್ನು ಆರಿಸಿಕೊಂಡ ಅತ್ತಿಮಬ್ಬೆ ನಿಜಕ್ಕೂ ದೊಡ್ಡವಳು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಬರೆಯಿಸಿದಳು, ರನ್ನನಿಂದ ‘ಅಜಿತಪುರಾಣ’ ಮಾಡಿಸಿದಳು, ಕೊಪ್ಪಳದಿಂದ ಬಹಳ ದೂರವಲ್ಲದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಆದರೆ ಅವಳ ಶೋಕಕ್ಕೆ ಭಂಡಾರದ ಬಾಗಿಲು ತೆರೆದಿತ್ತು. ಮೂಡೂರಿನ ಮೂಕಾಂಬಿಕೆಗೆ ಏನಿತ್ತು?

ಇದೇ ಕೊಪ್ಪಳದ ಸೀಮೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಂಬತ್ತಾರು ವರ್ಷದ ತೊಗಲುಗೊಂಬೆಯಾಟದ ಕಲಾವಿದೆ. ರಾಮಾಯಣ ಮಹಾಭಾರತಗಳನ್ನು ತೆರೆಯ ಹಿಂದೆ ನಿಂತು ಆಡಿಸಿ, ಹೊರದೇಶಗಳಿಗೂ ಒಯ್ದವರು. ಎಲ್ಲರೂ ಬೆರಗಾದದ್ದು ವಯಸ್ಸಿಗೆ. ನನಗೆ ಕೇಳಬೇಕೆನಿಸಿದ ಪ್ರಶ್ನೆ ಬೇರೆ: ಇಷ್ಟು ವರ್ಷ ತೆರೆಯ ಈಚೆ ಕೂತು ನೋಡಿದ ನಾವು ತೆರೆಯ ಆಚೆ ಯಾರಿದ್ದಾರೆಂದು ಎಷ್ಟು ಸಲ ಇಣುಕಿದ್ದೆವು? ಅವರು ಇಳಿವಯಸ್ಸಿನಲ್ಲಿ ಗುರಿ ಕಂಡುಕೊಂಡವರಲ್ಲ. ಅವರನ್ನು ನಾವು ಇಳಿವಯಸ್ಸಿನಲ್ಲಿ ಕಂಡುಕೊಂಡೆವು.

ಈ ಪ್ರಶ್ನೆಯೊಡನೆ ಮತ್ತೆ ಮೂಕಜ್ಜಿಗೆ ಹಿಂದಿರುಗಿದಾಗ ನನ್ನ ಹಳೆಯ ಆಕ್ಷೇಪವನ್ನು ತಿದ್ದಿಕೊಳ್ಳಬೇಕಾಯಿತು. ಕಾರಂತರು ಅಜ್ಜಿಗೆ ಕೈ ಕೊಡಲಿಲ್ಲ ಎಂದೆನಲ್ಲ, ಅದು ನನ್ನ ಅವಸರದ ಓದು. ಅಜ್ಜಿಗೆ ಸುಮ್ಮನೆ ಕೂತಲ್ಲಿ ಕನಸು ಬೀಳುವುದಿಲ್ಲ. ಸುಬ್ಬರಾಯ ಗವಿಯಿಂದಲೋ ಮತ್ತೆಲ್ಲಿಂದಲೋ ಒಂದು ವಸ್ತು ತರುತ್ತಾನೆ, ಎಲುಬೋ ಲೋಹದ ತುಂಡೋ. ಅದನ್ನು ಅವಳ ಅಂಗೈಯಲ್ಲಿಡುತ್ತಾನೆ. ಅವಳ ಬೆರಳು ಅದನ್ನು ತಡವುತ್ತವೆ. ಆಮೇಲೆ ಕಣ್ಣು ತೆರೆಯುತ್ತದೆ. ಕೈಯೇ ಮೊದಲು, ಕಣ್ಣು ಅನಂತರ. ಕಿನ್ನಾಳದ ಮುದುಕ ಮರದ ತುಂಡನ್ನು ಅಂಗೈಯಲ್ಲಿ ತೂಗಿ ನೋಡುವುದಕ್ಕೂ ಇದಕ್ಕೂ ನಾನು ತಿಳಿದಷ್ಟು ದೂರವಿಲ್ಲ.

ಇನ್ನೊಂದನ್ನೂ ಗಮನಿಸಿರಲಿಲ್ಲ. ವಸ್ತುವನ್ನು ತರುವವನು ಒಬ್ಬ ಬೇಕು. ಸುಬ್ಬರಾಯನನ್ನು ವಿಮರ್ಶಕರು ಬರಿಯ ನಿರೂಪಕನೆಂದು, ಕಾರಂತರ ವಕೀಲನೆಂದು ಬದಿಗಿಟ್ಟಿದ್ದಾರೆ; ನಾನೂ ಹಾಗೆ ಬರೆದವನೇ. ಆದರೆ ಅವನು ಅಜ್ಜಿಯನ್ನು ಪೂಜಿಸುವುದಿಲ್ಲ, ಸಂತೈಸುವುದೂ ಇಲ್ಲ. ಕೇಳುತ್ತಾನೆ. ಒಪ್ಪದಿದ್ದರೆ ವಾದಿಸುತ್ತಾನೆ. ಮಾರನೆಯ ದಿನ ಮತ್ತೊಂದು ವಸ್ತುವನ್ನು ಹಿಡಿದು ಬರುತ್ತಾನೆ. ಸಣ್ಣ ವಯಸ್ಸಿನ ಹುಡುಗನೊಬ್ಬ ತನ್ನ ನಿಜವಾದ ಗೊಂದಲವನ್ನು ಮುದುಕಿಯ ಕೈಯಲ್ಲಿಡುತ್ತಾನೆ ಎಂಬುದರಿಂದಲೇ ಕಾದಂಬರಿ ನಡೆಯುತ್ತದೆ. ಗುರಿಯನ್ನು ಮುದುಕರು ಒಂಟಿಯಾಗಿ ಹುಡುಕಿಕೊಳ್ಳಬೇಕೆನ್ನುವ ಕಪಾಟಿನ ಪುಸ್ತಕಗಳಲ್ಲಿ ಸುಬ್ಬರಾಯನಿಲ್ಲ. ಕಿನ್ನಾಳದಲ್ಲಿಯೂ ಕೆಲಸ ನಿಂತಿರುವುದು ಇದೇ ಎಳೆಯ ಮೇಲೆ. ಹದ ತೋರಿಸುವ ಕೈ ಇದ್ದರೆ ಸಾಲದು, ನೋಡಿ ಕಲಿಯುವ ಹುಡುಗ ಎದುರಿಗೆ ಕೂತಿರಬೇಕು. ಬೇರೆ ಊರಿನ ಬೇರೆ ಸಂಬಳ ಅವನನ್ನು ಕರೆಯುತ್ತಿರುವಾಗ.

ಸುಬ್ಬರಾಯ ಬಂದು ಕೇಳುವ ಮೊದಲು ಅಜ್ಜಿ ಎಷ್ಟು ದಶಕ ಆ ಮನೆಯಲ್ಲಿದ್ದಳೆಂದು ಲೆಕ್ಕ ಹಾಕಿ ನೋಡಿದೆ. ಬಾಲ್ಯದ ಗೆಳತಿ ತಿಪ್ಪಜ್ಜಿಯನ್ನು ಬಿಟ್ಟರೆ ಅವಳ ಮನಸ್ಸನ್ನು ಬಲ್ಲವರಿರಲಿಲ್ಲ. ಆ ದಶಕಗಳಲ್ಲಿಯೂ ಅವಳ ಕೈಗೆ ಪಾತ್ರೆ, ಪೊರಕೆ, ಕಲ್ಲು, ಮರ ಎಲ್ಲವೂ ತಾಗಿದ್ದವು. ಕಂಡದ್ದೂ ಇದ್ದೀತು. ಊರಿನವರು ಅವಳನ್ನು ಮೂಕಿ ಎಂದು ಕರೆದರು.